ಡೋಪಮಿನ್ ಉಸಿರಾಟವನ್ನು ತಗ್ಗಿಸುತ್ತದೆಯೇ? ಕೆರೋಟಿಡ್ ಬಾಡಿಯೊಳಗಿನ ರಾಸಾಯನಿಕ ದೂತರು

ಆಮ್ಲಜನಕ ಕಡಿಮೆಯಾದಾಗ ಉಸಿರಾಟವನ್ನು ಹೆಚ್ಚಿಸಬೇಕಾದ ಕೆರೋಟಿಡ್ ಬಾಡಿ ಎಂಬ ಅಂಗವೇ ಅದನ್ನು ತಗ್ಗಿಸುವ ಡೋಪಮಿನ್ನನ್ನು ಏಕೆ ಸ್ರವಿಸುತ್ತದೆ, ಮತ್ತು ರಕ್ತದೊತ್ತಡ ಕುಸಿದು ಐಸಿಯುನಲ್ಲಿದ್ದ ನಿಮ್ಮ ತಂದೆಯವರಿಗೆ ಕೊಟ್ಟ ಡೋಪಮಿನ್ ಅವರ ಉಸಿರಾಟಕ್ಕೆ ತೊಡಕಾಗಿರಬಹುದೇ ಎಂದು ಕೇಳಿದ್ದೀರಿ. ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವವನಾಗಿ ಮೊದಲನೆಯದಕ್ಕೆ ವಿವರವಾಗಿಯೇ ಉತ್ತರಿಸಬಲ್ಲೆ. ಎರಡನೆಯದಕ್ಕೆ, ರೋಗಿಯನ್ನು ನೋಡದೆ ಹೇಳಬಹುದಾದಷ್ಟನ್ನು ಮಾತ್ರ ಹೇಳುತ್ತೇನೆ.

ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ, ಕತ್ತಿನ ಎರಡೂ ಬದಿಗೆ, ಕೆರೋಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿ ಕುಚ್ಚಲಕ್ಕಿಯ ಕಾಳಿನಷ್ಟು ದೊಡ್ಡದಾದ ಕೆರೋಟಿಡ್ ಬಾಡಿ ಇರುತ್ತದೆ. ಇದು ಉಸಿರಾಟವನ್ನು ನಿಯಂತ್ರಿಸುತ್ತದೆ ಎಂಬುದನ್ನು ತೋರಿಸಿಕೊಟ್ಟ ಬೆಲ್ಜಿಯಂನ ಕಾರ್ನೇಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂದಿತು. ತೂಕಕ್ಕೆ ಹೋಲಿಸಿದರೆ ಇದರಷ್ಟು ರಕ್ತ ಹರಿಯುವ ಅಂಗ ದೇಹದಲ್ಲಿ ಬೇರೊಂದಿಲ್ಲ: 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 2,000 ಮಿಲಿಲೀಟರ್ ಎಂದು ಲೆಕ್ಕ ಹಾಕುತ್ತಾರೆ, ಮೆದುಳಿಗೆ ಇದೇ ಲೆಕ್ಕದಲ್ಲಿ ಸಿಗುವುದು 50ರ ಆಸುಪಾಸು. ಇಷ್ಟು ರಕ್ತ ಹರಿಯುವುದರಿಂದ ಅದರಲ್ಲಿ ಕರಗಿರುವ ಆಮ್ಲಜನಕವೇ ಈ ಅಂಗದ ಅಗತ್ಯಕ್ಕೆ ಸಾಕಾಗುತ್ತದೆ. ಹೀಗಾಗಿ ಅದು ಹಿಮೋಗ್ಲೋಬಿನ್ ಹೊತ್ತ ಒಟ್ಟು ಆಮ್ಲಜನಕವನ್ನಲ್ಲ, ರಕ್ತದಲ್ಲಿರುವ ಆಮ್ಲಜನಕದ ಒತ್ತಡವನ್ನು ಗುರುತಿಸುತ್ತದೆ. ರಕ್ತಹೀನತೆ ಇರುವವರಲ್ಲಿ ಈ ಅಂಗ ಅಷ್ಟಾಗಿ ಕೆರಳದಿರುವುದಕ್ಕೆ ಇದೇ ಕಾರಣ.

ಇಲ್ಲಿಂದ ಮುಂದಿನದು ದೂತರ ಕೆಲಸ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 60 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದಾಗ ಕೆರೋಟಿಡ್ ಬಾಡಿಯಲ್ಲಿ ಆಮ್ಲಜನಕವನ್ನು ಗುರುತಿಸುವ ಗ್ಲೋಮಸ್ ಕೋಶಗಳ ಪ್ರತಿಕ್ರಿಯೆ ತೀವ್ರವಾಗುತ್ತದೆ. ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ದಾರಿಗಳು ಮುಚ್ಚಿಕೊಳ್ಳುತ್ತವೆ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆಗ ಕೋಶ ತನ್ನ ಸಂಗ್ರಹದಲ್ಲಿರುವ ರಾಸಾಯನಿಕಗಳನ್ನು ಹೊರಚೆಲ್ಲುತ್ತದೆ. ಅವುಗಳಲ್ಲಿ ಎಟಿಪಿ (ಕೋಶಗಳಿಗೆ ಶಕ್ತಿ ಒದಗಿಸುವ ಅಣು, ಇಲ್ಲಿ ದೂತನಾಗಿಯೂ ಕೆಲಸ ಮಾಡುತ್ತದೆ) ಮತ್ತು ಅಸಿಟೈಲ್‌ಕೋಲಿನ್ ಪಕ್ಕದ ನರತುದಿಯನ್ನು ಉದ್ರೇಕಿಸುತ್ತವೆ. ಆ ಸಂದೇಶ ಒಂಬತ್ತನೆಯ ಕಪಾಲನರದ ಮೂಲಕ ಮೆದುಳಿನ ಬುಡದಲ್ಲಿರುವ ಮೆಡುಲ್ಲಾವನ್ನು ತಲುಪಿ ಉಸಿರಾಟ ಹೆಚ್ಚುತ್ತದೆ. ಕರಾವಳಿಯ ನಮ್ಮ ಹುಡುಗರು ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿದ ಮೊದಲ ದಿನವೇ, ಸುಮ್ಮನೆ ಕುಳಿತಿದ್ದಾಗಲೂ, ಹೆಚ್ಚು ಉಸಿರಾಡುವುದಕ್ಕೆ ಮುಖ್ಯ ಕಾರಣ ಇದು.

ಅದೇ ಕೋಶ ಅದೇ ಹೊತ್ತಿನಲ್ಲಿ ಡೋಪಮಿನ್ನನ್ನೂ ಬಿಡುತ್ತದೆ ಎಂಬುದು ನಿಮ್ಮನ್ನು ಗೊಂದಲಕ್ಕೆ ದೂಡಿದೆ. ವಿದ್ಯಾರ್ಥಿಗಳೂ ಪ್ರತಿವರ್ಷ ಇಲ್ಲಿಯೇ ಎಡವುತ್ತಾರೆ. ಡೋಪಮಿನ್ ಎಂದರೆ ಸಂತೋಷದ ರಾಸಾಯನಿಕ ಎಂಬ ವಾಟ್ಸಾಪ್ ಜ್ಞಾನವನ್ನು ಬದಿಗಿಡಿ. ದೂತನ ಪರಿಣಾಮವನ್ನು ನಿರ್ಧರಿಸುವುದು ಅದನ್ನು ಹಿಡಿಯುವ ಗ್ರಾಹಕ ಮತ್ತು ಆ ಗ್ರಾಹಕ ಇರುವ ಜಾಗ. ಕೆರೋಟಿಡ್ ಬಾಡಿಯಲ್ಲಿ ಡೋಪಮಿನ್ ಬಹುಪಾಲು ಡಿ-2 ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆ, ಮತ್ತು ಈ ಗ್ರಾಹಕಗಳು ಅದನ್ನು ಬಿಟ್ಟ ಗ್ಲೋಮಸ್ ಕೋಶದ ಮೇಲೆಯೇ ಇರುವುದರಿಂದ ಕ್ಯಾಲ್ಸಿಯಂ ಪ್ರವೇಶ ತಗ್ಗಿ ಸ್ರಾವಕ್ಕೆ ಕಡಿವಾಣ ಬೀಳುತ್ತದೆ. ಅಂದರೆ ಪ್ರತಿಕ್ರಿಯೆ ಮಿತಿಮೀರದಂತೆ ತಡೆಯುವ ವ್ಯವಸ್ಥೆ ಅಂಗದೊಳಗೇ ಇದೆ. ವಾಂತಿಗೆಂದು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಡೊಮ್‌ಪೆರಿಡೋನ್ ಡಿ-2 ಗ್ರಾಹಕವನ್ನು ತಡೆಯುತ್ತದೆ, ಮೆದುಳಿನೊಳಕ್ಕೆ ಅಷ್ಟಾಗಿ ಹೋಗುವುದಿಲ್ಲ. ಅದನ್ನು ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಆಮ್ಲಜನಕದ ಕೊರತೆಗೆ ಉಸಿರಾಟದ ಪ್ರತಿಕ್ರಿಯೆ ಹೆಚ್ಚಾಗಿದೆ. ಹಾಗೆಂದು ಅದು ಉಬ್ಬಸಕ್ಕೆ ಔಷಧವಲ್ಲ, ದಯವಿಟ್ಟು ಯಾರೂ ಆ ಪ್ರಯೋಗಕ್ಕೆ ಇಳಿಯಬಾರದು.

ಜಾಗ ಬದಲಾದರೆ ಪರಿಣಾಮ ತಿರುವುಮುರುವಾಗುವುದಕ್ಕೆ ಅಡೆನೋಸಿನ್ ಇನ್ನೂ ಸ್ಪಷ್ಟ ಉದಾಹರಣೆ. ಹೊರಬಿದ್ದ ಎಟಿಪಿ ಒಡೆದು ಉಂಟಾಗುವ ಅಡೆನೋಸಿನ್ ಕೆರೋಟಿಡ್ ಬಾಡಿಯನ್ನು ಉದ್ರೇಕಿಸುತ್ತದೆ, ಮೆದುಳಿನಲ್ಲಾದರೋ ಉಸಿರಾಟವನ್ನು ಕುಗ್ಗಿಸುತ್ತದೆ. ಕಾಫಿಯಲ್ಲಿರುವ ಕೆಫೀನ್ ಅಡೆನೋಸಿನ್ ಗ್ರಾಹಕಗಳನ್ನು ತಡೆಯುವ ವಸ್ತು. ಅವಧಿಗೆ ಮುನ್ನ ಹುಟ್ಟಿ ನಡುನಡುವೆ ಉಸಿರು ನಿಲ್ಲಿಸುವ ಶಿಶುಗಳಿಗೆ ಅದನ್ನು ಔಷಧವಾಗಿ ಕೊಡುವುದು ಮುಖ್ಯವಾಗಿ ಮೆದುಳಿನಲ್ಲಿ ಅಡೆನೋಸಿನ್ ಉಸಿರಾಟವನ್ನು ಕುಗ್ಗಿಸುವುದನ್ನು ತಡೆಯಲು.

ಇನ್ನು ನಿಮ್ಮ ತಂದೆಯವರ ವಿಷಯ. ಅಲ್ಪ ಪ್ರಮಾಣದ ಡೋಪಮಿನ್ನನ್ನು ರಕ್ತನಾಳದ ಮೂಲಕ ಕೊಟ್ಟಾಗ ಆಮ್ಲಜನಕದ ಕೊರತೆಗೆ ಉಸಿರಾಟದ ಪ್ರತಿಕ್ರಿಯೆ ತಗ್ಗುತ್ತದೆ ಎಂಬುದು ಮನುಷ್ಯರಲ್ಲೇ ಕಂಡುಬಂದ ಸಂಗತಿ, ಆದ್ದರಿಂದ ನಿಮ್ಮ ಅನುಮಾನಕ್ಕೆ ಆಧಾರವಿದೆ. ಆದರೆ ವೆಂಟಿಲೇಟರ್‌ನಲ್ಲಿದ್ದು ಯಂತ್ರವೇ ಪೂರ್ತಿಯಾಗಿ ಉಸಿರಾಡಿಸುತ್ತಿದ್ದ ರೋಗಿಗೆ ಇದು ಬಹುಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ತಾವಾಗಿ ಉಸಿರಾಡುತ್ತಿರುವವರಲ್ಲಿ, ಅದರಲ್ಲೂ ವೆಂಟಿಲೇಟರ್‌ನಿಂದ ಬಿಡಿಸುವ ಹಂತದಲ್ಲಿ, ಗಮನದಲ್ಲಿ ಇರಬೇಕಾದ ಅಂಶ. ಬಿದ್ದ ರಕ್ತದೊತ್ತಡವನ್ನು ಎತ್ತುವುದು ಆ ಹೊತ್ತಿಗೆ ಹೆಚ್ಚು ತುರ್ತಾದದ್ದು ಎಂಬುದನ್ನೂ ಮರೆಯುವಂತಿಲ್ಲ. ಡೋಪಮಿನ್ ಹರಿಯುತ್ತಿದ್ದ ಅವಧಿಯಲ್ಲಿ ಅವರು ಸ್ವತಃ ಉಸಿರಾಡುತ್ತಿದ್ದರೇ, ಆಗಿನ ರಕ್ತದ ಅನಿಲ ಪರೀಕ್ಷೆಯಲ್ಲಿ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಎಷ್ಟಿದ್ದವು ಎಂದು ಚಿಕಿತ್ಸೆ ಕೊಟ್ಟ ವೈದ್ಯರನ್ನು ಕೇಳಿ. ಐಸಿಯು ಚಾರ್ಟ್‌ನಲ್ಲಿ ಅವೆರಡೂ ಬರೆದಿರುತ್ತವೆ.