ಕುಸುಬಿಯ ಹೇನಿಗೆ ರೆಕ್ಕೆ ಬರುವುದು ಯಾವಾಗ?

ಒಂದೇ ಜಾತಿಯ ಪ್ರಾಣಿ ಸುತ್ತಲಿನ ಸ್ಥಿತಿ ನೋಡಿ ಮೈಯನ್ನೋ ನಡವಳಿಕೆಯನ್ನೋ ಬದಲಿಸಿಕೊಳ್ಳುತ್ತದಲ್ಲ, ಅದಕ್ಕೂ ಅದರ ಸಂಖ್ಯೆ ಏರಿಳಿಯುವುದಕ್ಕೂ ಏನು ಸಂಬಂಧ ಎಂದು ಕೇಳಿದ್ದೀರಿ. ಸಂಬಂಧ ಎರಡೂ ಕಡೆಯಿಂದ ಇದೆ. ಸಂಖ್ಯೆ ಹೆಚ್ಚಾದರೆ ಗುಣ ಬದಲಾಗುತ್ತದೆ, ಬದಲಾದ ಗುಣ ಮತ್ತೆ ಸಂಖ್ಯೆಯನ್ನು ಏರಿಸುತ್ತದೆ ಇಲ್ಲವೇ ಇಳಿಸುತ್ತದೆ.

ನಾನು ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಊರು ಆಳಂದ ಕಡೆ. ಹಿಂಗಾರಿನಲ್ಲಿ ನಾವು ಜೋಳದ ಸುತ್ತ ಕುಸುಬಿ ಹಾಕುತ್ತೇವೆ, ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಚಳಿಗಾಲದಲ್ಲಿ ಅದರ ಎಳೆ ಕುಡಿಗೆ ರಸ ಹೀರುವ ಕಪ್ಪು ಹೇನು ಮುತ್ತುತ್ತದೆ. ಮುಟ್ಟಿದರೆ ಕೈಯೆಲ್ಲ ಅಂಟು ಅಂಟು. ಅದರಲ್ಲಿ ಹೆಚ್ಚಿನವಕ್ಕೆ ರೆಕ್ಕೆ ಇರುವುದಿಲ್ಲ. ತಾಯಿ ಹೇನು ಗಂಡಿನ ಹಂಗಿಲ್ಲದೆ ನೇರ ಮರಿ ಹಾಕುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಅದರ ಮರಿ ಬೆಳೆಯುತ್ತಿರುತ್ತದೆ! ಮೊದಲು ಕುಡಿಗೆ ನಾಲ್ಕೈದು ಇದ್ದದ್ದು ನೋಡನೋಡುತ್ತ ಕಾಂಡವೇ ಕಾಣದಷ್ಟು ಆಗಿಬಿಡುತ್ತದೆ.

ಆಗ ಮೈಗೆ ಮೈ ತಾಗುತ್ತದೆ, ಕುಡಿಯ ರಸವೂ ಸೊರಗುತ್ತದೆ. ಬಹಳಷ್ಟು ಜಾತಿಯ ಹೇನುಗಳಲ್ಲಿ ಇಂಥ ಇಕ್ಕಟ್ಟಿಗೆ ಸಿಕ್ಕ ತಾಯಿ ರೆಕ್ಕೆ ಬರುವ ಮಕ್ಕಳನ್ನು ಹೆರಲು ಶುರು ಮಾಡುತ್ತದೆ. ಜೀನು ಅದೇ, ಮೈ ಬೇರೆ. ಬಟಾಣಿ ಹೇನಿಗಂತೂ ಗುಲಗಂಜಿ ಹುಳದ ಕಾಟ ಬಂದರೂ ರೆಕ್ಕೆಯ ಮರಿ ಜಾಸ್ತಿಯಾಗುತ್ತವೆ. ಆದರೆ ರೆಕ್ಕೆ ಪುಕ್ಕಟೆ ಬರುವುದಿಲ್ಲ. ರೆಕ್ಕೆಯ ಹೇನು ಬೆಳೆಯಲು ಹೆಚ್ಚು ದಿನ ಬೇಕು, ಅದು ಹಾಕುವ ಮರಿಯೂ ಕಡಿಮೆ. ಹಾಗಾಗಿ ಈ ಗಿಡದಲ್ಲಿ ಏರಿಕೆ ತಗ್ಗುತ್ತದೆ, ಇನ್ನೊಂದು ಗಿಡದಲ್ಲಿ ಹೊಸ ಸಂಸಾರ ಶುರುವಾಗುತ್ತದೆ. ನಮ್ಮಪ್ಪ "ಹೇನು ಹೋಯ್ತು" ಎಂದು ಸಮಾಧಾನ ಪಡುವ ಹೊತ್ತಿಗೆ ಪಕ್ಕದ ಹೊಲದಲ್ಲಿ, ತಡವಾಗಿ ಬಿತ್ತಿದ ಕುಸುಬಿಯಲ್ಲಿ, ಅದೇ ಕಥೆ. ಒಂದೇ ಹೊಲ ಎಣಿಸಿದರೆ ಲೆಕ್ಕ ತಪ್ಪುವುದು ಇದಕ್ಕೇ.

ಮಿಡತೆಯಲ್ಲಿ ಇದು ಉಲ್ಟಾ, ಇಕ್ಕಟ್ಟಾದರೆ ಚದುರುವ ಬದಲು ಗುಂಪು ಕಟ್ಟುತ್ತದೆ. 2020ರಲ್ಲಿ ಮರುಭೂಮಿ ಮಿಡತೆ ಮಹಾರಾಷ್ಟ್ರದವರೆಗೆ ಬಂದಾಗ ಬೀದರ್, ಕಲಬುರಗಿಯ ರೈತರಿಗೂ ದಿಗಿಲಾಗಿತ್ತು, ನೆನಪಿದೆ ಅಲ್ವಾ? ಅದು ಸುಮ್ನೆ ಒಂಟಿಯಾಗಿ ಬದುಕುವ ಹುಳ. ದಟ್ಟಣೆಯಲ್ಲಿ ಹಿಂಗಾಲಿಗೆ ಪದೇ ಪದೇ ಬೇರೆ ಮಿಡತೆ ತಾಗಿದರೆ ಕೆಲವೇ ಗಂಟೆಗಳಲ್ಲಿ ಗುಂಪಿನ ಕಡೆ ಎಳೆಯಲ್ಪಡುತ್ತದೆ. ಬಣ್ಣವೂ ಬದಲಾಗುತ್ತದೆ. ಎಷ್ಟೆಂದರೆ, ಇದರ ಹಾಗೆಯೇ ಬದಲಾಗುವ ವಲಸೆ ಮಿಡತೆಯಲ್ಲಿ, ಬೇರೆ ಬೇರೆ ಜಾತಿ ಎಂದುಕೊಂಡಿದ್ದ ಎರಡು ಮಿಡತೆಗಳು ಒಂದೇ ಎಂದು ಕೀಟತಜ್ಞ ಬೋರಿಸ್ ಉವರೋವ್ 1921ರಲ್ಲಿ ತೋರಿಸಬೇಕಾಯಿತು.

ಹೀಗೆ ಬದಲಾಗುವುದಕ್ಕೂ ಮಿತಿ ಇದೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದೇ. ಇಂಗ್ಲೆಂಡಿನ ವೈಥಮ್ ಕಾಡಿನ ಗ್ರೇಟ್ ಟಿಟ್ ಹಕ್ಕಿಗಳು, ಚಳಿ ಬೇಗ ಮುಗಿದಂತೆ, ಈಗ ಸುಮಾರು ಎರಡು ವಾರ ಮೊದಲೇ ಮೊಟ್ಟೆ ಇಡುತ್ತಿವೆ. ಮರಿಗೆ ಕಂಬಳಿಹುಳ ಸಿಗುತ್ತಿದೆ. ನೆದರ್ಲೆಂಡ್ಸ್‌ಗೆ ಆಫ್ರಿಕಾದಿಂದ ವಲಸೆ ಬರುವ ನೊಣಹಿಡುಕ ಹಕ್ಕಿಗಳಿಗೆ ಅಷ್ಟು ಬೇಗ ಹೊಂದಿಕೊಳ್ಳಲು ಆಗಲಿಲ್ಲ. ಕಂಬಳಿಹುಳ ತೀರಾ ಮುಂಚೆ ಮುಗಿಯುವ ಕಾಡುಗಳಲ್ಲಿ ಅವು 20 ವರ್ಷದಲ್ಲಿ ಸುಮಾರು ಶೇ 90ರಷ್ಟು ಕಡಿಮೆಯಾದವು.

ನಿಮ್ಮ ಕಡೆ ಕುಸುಬಿ ಇದ್ದರೆ ಈ ಹಿಂಗಾರಿನಲ್ಲಿ ಒಂದು ಭೂತಗನ್ನಡಿ ಹಿಡಿದು ಹೋಗಿ. ಬೆಳೆದ ಮರಿಹೇನಿನ ಹೆಗಲ ಹತ್ತಿರ ಸಣ್ಣ ಮೊಗ್ಗಿನಂಥ ಉಬ್ಬು ಕಂಡರೆ ಅದು ರೆಕ್ಕೆ. ಹೇನು ವಿರಳವಾಗಿರುವ ಗಿಡ, ಕಿಕ್ಕಿರಿದ ಗಿಡ, ಎರಡರಲ್ಲೂ ಐವತ್ತೈವತ್ತು ಮರಿ ನೋಡಿ, ಎಷ್ಟಕ್ಕೆ ಈ ಉಬ್ಬು ಇದೆ ಎಂದು ಎಣಿಸಿ.