ಜೈಸಲ್ಮೇರ್ ಬಿಸಿಲಲ್ಲಿ ಬರೀ ನೀರು ಕುಡಿಯೋ ತಮ್ಮನಿಗೆ

ತಮ್ಮಾ, ರಜೆಯಿಂದ ಕಾವಲು ಪೋಸ್ಟಿಗೆ ಬಂದು ಇನ್ನೂ ವಾರ ಆಗಿಲ್ಲ, ದಿನಾ ಹತ್ತು ಲೀಟರ್ ನೀರು ಕುಡಿದರೂ ಮೀನಖಂಡ ಹಿಡಿಯುತ್ತೆ, ತಲೆ ಸಿಡಿಯುತ್ತೆ, ಬಿಪಿ ಭಯಕ್ಕೆ ಊಟದಲ್ಲಿ ಉಪ್ಪು ಬಿಟ್ಟಿದ್ದೀನಿ ಅಂತ ಬರೆದಿದ್ದೀಯ. ನನ್ನ ಮೊದಲ ಬೇಸಿಗೆಯಲ್ಲಿ ನಾನೂ ಹೀಗೇ ಬರೀ ನೀರು ಕುಡಿದು ಎಂಐ ರೂಮ್ (ಪಡೆಯ ಚಿಕಿತ್ಸಾ ಕೊಠಡಿ) ಸೇರಿದ್ದೆ. ಇವತ್ತೇ ಉಪ್ಪು ಶುರು ಮಾಡು. ಬಿಪಿ ಮಾತ್ರೆ ನಡೀತಿದ್ರೆ ಮಾತ್ರ ಡಾಕ್ಟರನ್ನ ಕೇಳಿ ಶುರು ಮಾಡು.

ಒಂದು ಲೀಟರ್ ಬೆವರಿನ ಜೊತೆ ಒಂದರಿಂದ ನಾಲ್ಕು ಗ್ರಾಂವರೆಗೆ ಉಪ್ಪು ಹೋಗುತ್ತೆ. ಅಲ್ಲಿನ ಒಣಗಾಳಿಗೆ ಬೆವರು ಕಣ್ಣಿಗೆ ಬೀಳೋ ಮೊದಲೇ ಆರುತ್ತೆ. ಡ್ಯೂಟಿ ಇಳಿದು ಅಂಗಿ ಬಿಚ್ಚಿ ನೋಡು, ಬೆನ್ನ ಮೇಲೆ, ಬೆಲ್ಟಿನ ಅಂಚಿಗೆ ಬಿಳಿ ಗೆರೆ ಕಟ್ಟಿರುತ್ತೆ. ಹೋದ ಉಪ್ಪು ತುಂಬಿಕೊಳ್ಳದೆ ನೀರಷ್ಟೇ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಕೊನೆಗೆ ಫಿಟ್ಸ್ ತನಕ ಹೋಗುತ್ತೆ. ಗಂಟೆಗೆ ಒಂದೂಕಾಲು ಲೀಟರ್ ದಾಟಿಸಬೇಡ.

ಗ್ಲೂಕಾನ್-ಡಿ ಇದಕ್ಕಲ್ಲ, ಅದು ಹೆಚ್ಚುಕಮ್ಮಿ ಬರೀ ಗ್ಲೂಕೋಸ್. ಎಲೆಕ್ಟ್ರಾಲ್ ತರಿಸಿಕೋ, ಅದು ಉಪ್ಪು-ಸಕ್ಕರೆಯ ಓಆರ್‌ಎಸ್ ಪುಡಿ, ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೇ. ಅರ್ಧ ಲೀಟರ್ ಬಾಟಲಿಗೆ ಸುರಿಯೋ ಬುದ್ಧಿವಂತರು ತುಂಬಾ ಜನ! ಸಿಗದಿದ್ದರೆ ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಟೀ ಚಮಚದಲ್ಲಿ, ತಲೆತಟ್ಟಿ. ಲಂಗರಿನಲ್ಲಿ (ಪಡೆಯ ಅಡುಗೆಮನೆ) ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡ.

ನೀರು ತಣ್ಣಗಿದ್ದರೆ ತಾನಾಗೇ ಹೊಟ್ಟೆಗೆ ಹೋಗುತ್ತೆ, ಅದಕ್ಕೆ ಚಾಗಲ್ ಬೇಕು. ಆ ಕ್ಯಾನ್ವಾಸ್ ಚೀಲ ಹಳೇ ಕಾಲದ್ದು ಅಂತ ಹುಡುಗರು ಮೂಲೆಗೆ ಎಸೀತಾರೆ, ನೋಡಿದರೆ ಸಂಕಟ ಆಗುತ್ತೆ. ಹೊಸದನ್ನು ರಾತ್ರಿಯೆಲ್ಲಾ ನೆನೆಹಾಕು, ನೂಲು ಉಬ್ಬಿ ತೂತು ಮುಚ್ಚಿಕೊಳ್ಳುತ್ತೆ. ಮೊದಲ ನೀರು ಚೆಲ್ಲಿಬಿಡು, ಬಟ್ಟೆ ವಾಸನೆ ಇರುತ್ತೆ. ನೆರಳಲ್ಲಿ, ಲೂ ಅನ್ನೋ ಬಿಸಿಗಾಳಿ ಬೀಸೋ ಕಡೆಗೇ ನೇತುಹಾಕು. ಹೊರಮೈ ಸದಾ ಒದ್ದೆ ಇರಬೇಕು, ಜಿನುಗಿದ ನೀರು ಆರಿದಷ್ಟೂ ಒಳಗಿನದು ತಂಪಾಗುತ್ತೆ. ನೆಲಕ್ಕೆ ಇಡಬೇಡ, ಪ್ಲಾಸ್ಟಿಕ್ ಸುತ್ತಬೇಡ. ಓಆರ್‌ಎಸ್ ಅದರಲ್ಲಿ ಕಲಸಲೇಬೇಡ, ಚೀಲ ಹುಳಿಯುತ್ತೆ. ಜುಲೈನಲ್ಲಿ ಗಾಳಿಗೆ ತೇವ ಬಂದರೆ ಇಷ್ಟು ತಂಪಾಗಲ್ಲ.

ತಿಂಗಳು ಊರಲ್ಲಿದ್ದು ಬಂದವನು ಬಿಸಿಲಿಗೆ ಮತ್ತೆ ಹೊಸಬನೇ. ಮೈ ಒಗ್ಗೋಕೆ ಒಂದರಿಂದ ಎರಡು ವಾರ ಬೇಕು. ಗಸ್ತು ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಅಂತ ಸೆಕ್ಷನ್ ಕಮಾಂಡರಿಗೆ ಹೇಳು, ನಾಚಿಕೆ ಏನಿಲ್ಲ. 2016ರ ಮೇನಲ್ಲಿ ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ದಾಖಲಾಯಿತಲ್ಲ, ಅದು ನೆರಳಿನ ಲೆಕ್ಕ.

ಮಧ್ಯಾಹ್ನ ನೆಟ್‌ವರ್ಕಿಗೆ ತಾರಸಿ ಹತ್ತಿ ಮನೆಗೆ ಫೋನ್ ಮಾಡ್ತೀನಿ ಅಂದಿದ್ದೀಯ. ಬೇಡಪ್ಪಾ. ರಾತ್ರಿ ಡ್ಯೂಟಿಯವನಿಗೆ ಹಗಲು ನಿದ್ದೆ ಕೆಟ್ಟರೆ ಬಿಸಿಲು ಇನ್ನೂ ಬೇಗ ಹೊಡೆಯುತ್ತೆ. ಸಂಜೆ ಡ್ಯೂಟಿಗೆ ಮುಂಚೆ ಹೊತ್ತು ಗೊತ್ತು ಮಾಡಿಕೋ, ಕಾಲು ಹಿಡಿದದ್ದನ್ನೂ ಹೆಂಡತಿಗೆ ಹೇಳು. ಮುಚ್ಚಿಟ್ಟರೆ ನಿನ್ನ ದನಿ ಕೇಳೇ ಆಕೆಗೆ ಗೊತ್ತಾಗುತ್ತೆ, ಅಲ್ಲಿ ಅವಳಿಗೂ ನಿದ್ದೆ ಇರಲ್ಲ.

ಬೆವರುಸಾಲೆ ತುರಿಕೆಗೆ ಅವಿಲ್ ಅನ್ನೋ ಅಲರ್ಜಿ ಮಾತ್ರೆ ನುಂಗಬೇಡ, ಬೆವರು ಕಟ್ಟುತ್ತೆ. ಜೊತೆಗಾರ ಅಸಂಬದ್ಧ ಮಾತಾಡಿದರೆ, ತೂರಾಡಿದರೆ ಬಿಸಿಲು ಹೊಡೆದಿದೆ ಅಂತ ತಿಳ್ಕೊಳ್ಳಿ, ಗಾಡಿಗೆ ಕಾಯಬೇಡಿ. ಬೂಟು, ಅಂಗಿ ಬಿಚ್ಚಿ, ಇದ್ದ ನೀರೆಲ್ಲ ಮೈಮೇಲೆ ಸುರಿದು ಬೀಸಿ, ಆಮೇಲೆ ಸಾಗಿಸಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ಮಾತ್ರ ನೀರು ಹಾಕಬೇಡಿ.

ತಲೆನೋವಿನ ಜೊತೆ ವಾಂತಿ ಇದೆಯಾ? ಇದ್ದರೆ ಇಲ್ಲಿ ಉತ್ತರ ಬರೀತಾ ಕೂರಬೇಡ, ಈಗಲೇ ಎಂಐ ರೂಮಿಗೆ ಹೋಗು.