ಆಟದ ಮಧ್ಯೆ ಬ್ಯಾಟ್ ಓರೆಯಾದರೆ

ಮಳೆಗಾಲಕ್ಕೆಂದು ಮಡಿಕೇರಿ ಮನೆಗೆ ಹಳೇ ವೀ (ನಿಂಟೆಂಡೊದ, ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ತಂದಿದ್ದೀರಿ. ಅದರ ವೀ ಸ್ಪೋರ್ಟ್ಸ್ ರೆಸಾರ್ಟ್ ಆಟದ ಟೇಬಲ್ ಟೆನಿಸ್‌ನಲ್ಲಿ ನಾಲ್ಕು ಹೊಡೆತಕ್ಕೇ ಬ್ಯಾಟ್ ಓರೆಯಾಗುತ್ತದೆ, ರಿಮೋಟ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಬಹುಶಃ ಕೆಟ್ಟಿಲ್ಲ.

2009ರ ಈ ಆಟ ನಿಮ್ಮ ಕೈಯ ತಿರುವನ್ನು ರಿಮೋಟ್‌ನ ಮೋಷನ್ ಪ್ಲಸ್ ಎಂಬ ಭಾಗದಲ್ಲಿರುವ ಗೈರೋಸ್ಕೋಪ್‌ನಿಂದ ಅಳೆಯುತ್ತದೆ. ಗೈರೋಗೆ ಗೊತ್ತಾಗುವುದು ತಿರುಗುವ ವೇಗ ಮಾತ್ರ. ಕೋನವನ್ನು ಕೂಡಿಸುತ್ತಾ ಹೋಗಿ ಲೆಕ್ಕ ಹಾಕಬೇಕು, ಆಗ ಸಣ್ಣ ತಪ್ಪುಗಳೂ ಕೂಡಿಕೊಂಡು ಬ್ಯಾಟ್ ಓರೆಯಾಗುತ್ತದೆ. ಅದನ್ನು ಸರಿಪಡಿಸಲು ರಿಮೋಟನ್ನು ಗುಂಡಿಗಳು ಕೆಳಗೆ ಬರುವಂತೆ ಸಮತಟ್ಟಾದ ಮೇಜಿನ ಮೇಲೆ ಬೋರಲು ಹಾಕಿ, ಕೆಲವು ಸೆಕೆಂಡ್ ಮುಟ್ಟಬೇಡಿ. ಸೋಫಾ, ತೊಡೆ ಎಲ್ಲ ಬೇಡ.

ಪರದೆ ಮೇಲಿನ ಗುರುತೂ ಕುಣಿಯುತ್ತಿದ್ದರೆ ಟಿವಿ ಪಕ್ಕ ನೋಡಿ. ಟಿವಿ ಹತ್ತಿರ ಇಡುವ ಉದ್ದ ಪಟ್ಟಿಗೆ ಸೆನ್ಸರ್ ಬಾರ್ ಅನ್ನುವುದು ಹೆಸರಿಗೆ ಮಾತ್ರ. ಅದರಲ್ಲಿರುವುದು ಇನ್‌ಫ್ರಾರೆಡ್ ದೀಪಗಳು, ಅವನ್ನು ನೋಡಿ ಗುರುತಿನ ಜಾಗ ಹಿಡಿಯುವ ಕ್ಯಾಮೆರಾ ಇರುವುದು ರಿಮೋಟ್‌ನಲ್ಲಿ. ವಿರಾಜಪೇಟೆಯ ನಮ್ಮ ಮನೆಯಲ್ಲಿ ಒಮ್ಮೆ ಕರೆಂಟ್ ಹೋದಾಗ ಟಿವಿಯನ್ನು ಯುಪಿಎಸ್‌ನಲ್ಲಿ ಓಡಿಸಿ, ಪಕ್ಕದಲ್ಲೇ ಮೇಣದಬತ್ತಿ ಹಚ್ಚಿದ್ದೆವು. ರಿಮೋಟ್ ಅದನ್ನೇ ಬಾರ್ ಅಂದುಕೊಂಡಿತ್ತು! ಬತ್ತಿ ಆರಿಸಿದೆವು, ಸರಿಹೋಯಿತು.

ಇನ್ನೊಂದು: ಮಕ್ಕಳು ಓಡಾಡಬೇಕಿಲ್ಲ, ಪರದೆಯ ಆಟಗಾರ ತಾನೇ ಚೆಂಡಿನ ಹತ್ತಿರ ಹೋಗುತ್ತಾನೆ. ಸುಮ್ನೆ ಮಣಿಕಟ್ಟು ಆಡಿಸಿದರೆ ಸಾಕು. ರಿಮೋಟ್ ದಾರವನ್ನು ಮಾತ್ರ ಕೈಗೆ ಹಾಕಿಸಿ, ಟಿವಿ ನಿಮ್ಮದೇ ಅಲ್ವಾ.